ನಿಮಗಿದು ಗೊತ್ತೇ? ಬೆಮಲ್ ಷೇರು ಏರಿತು, ಲಾಭ ಎಷ್ಟು ಏರಿತು?

ಕೆಜಿಎಫ್‌ನ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಪಕ್ಕದ ಬೆಮಲ್ ನಗರದಲ್ಲಿ ಬುಲ್ಡೋಜರ್, ಎಕ್ಸ್‌ಕವೇಟರ್‌ಗಳ ಜೊತೆಗೆ, ಕೆಟ್ಟುನಿಂತ ಟ್ಯಾಂಕನ್ನು ಎಳೆದು ತರುವ ಸೇನಾ ವಾಹನವೂ ತಯಾರಾಗುತ್ತದೆ. ಇವನ್ನು ತಯಾರಿಸುವುದು 1964ರಲ್ಲಿ ಹುಟ್ಟಿದ, ರಕ್ಷಣಾ ಸಚಿವಾಲಯದ ಅಧೀನದ ಬಿಇಎಂಎಲ್, ಅಂದರೆ ಬೆಮಲ್. ಅದರ ಷೇರಿನಲ್ಲಿ ಶೇ 54ರಷ್ಟು ಕೇಂದ್ರ ಸರ್ಕಾರದ ಕೈಯಲ್ಲೇ ಇದೆ.

ಷೇರಿನ ಬೆಲೆಯನ್ನು ಆ ಷೇರಿನ ಪಾಲಿಗೆ ಬಂದ ವರ್ಷದ ಲಾಭದಿಂದ ಭಾಗಿಸಿದರೆ ಸಿಗುವುದೇ ಪಿಇ ಅನುಪಾತ. ಒಂದು ರೂಪಾಯಿ ಲಾಭಕ್ಕೆ ಪೇಟೆ ಎಷ್ಟು ತೆರುತ್ತಿದೆ ಎಂಬುದನ್ನು ಅದು ಹೇಳುತ್ತದೆ.

2007ರಲ್ಲಿ ಕಂಪನಿ ಸಾರ್ವಜನಿಕರಿಗೆ ಹೊಸ ಷೇರು ಕೊಟ್ಟಿದ್ದು 1,075 ರೂಪಾಯಿಗೆ. ಹಿಂದಿನ ವರ್ಷದ ಲಾಭ ಸುಮಾರು 205 ಕೋಟಿ, ಅಂದರೆ ಷೇರಿಗೆ 55 ರೂಪಾಯಿಯಷ್ಟು. ಪಿಇ 20ರ ಒಳಗೇ ಇತ್ತು.

2024ರ ಜುಲೈನಲ್ಲಿ ಅದೇ ಷೇರು 5,000 ರೂಪಾಯಿ ದಾಟಿತು. ಆಗಿನ ವಾರ್ಷಿಕ ಲಾಭ ಷೇರಿಗೆ ಸುಮಾರು 67.70 ರೂಪಾಯಿ. ಪಿಇ 74! ಹದಿನೇಳು ವರ್ಷಗಳಲ್ಲಿ ಷೇರಿನ ಪಾಲಿನ ಲಾಭ ಬೆಳೆದದ್ದು ಕಾಲುಭಾಗಕ್ಕಿಂತ ಕಡಿಮೆ, ಬೆಲೆ ಮಾತ್ರ ಸುಮಾರು ಐದು ಪಟ್ಟು. ಉಳಿದದ್ದೆಲ್ಲ ಮುಂದಿನ ರಕ್ಷಣಾ, ರೈಲ್ವೆ, ಮೆಟ್ರೊ ಆರ್ಡರ್‌ಗಳ ಮೇಲಿನ ನಿರೀಕ್ಷೆ. ಕೋಲಾರ, ಮುಳಬಾಗಿಲಿನಲ್ಲಿ ಹೊಸದಾಗಿ ಡಿಮ್ಯಾಟ್ ಖಾತೆ ತೆರೆದ ಹುಡುಗರು ಬೆಲೆಯ ಗೆರೆ ನೋಡುವ ಮೊದಲು ಷೇರಿನ ಪಾಲಿನ ಲಾಭ, ಪಿಇ ಎಂಬ ಈ ಎರಡು ಸಂಖ್ಯೆಗಳನ್ನು ನೋಡಬೇಕು ಎಂಬುದು ನನ್ನ ಕಳಕಳಿ.

ಪಿಇ 500 ದಾಟಿದ್ದೂ ಉಂಟು. 2014-15ರಲ್ಲಿ ಲಾಭ 7 ಕೋಟಿಯನ್ನೂ ಮುಟ್ಟಲಿಲ್ಲ. ಷೇರಿಗೆ ಎರಡು ರೂಪಾಯಿಯೂ ಬೀಳಲಿಲ್ಲ. ಬೆಲೆ ಸಾವಿರದ ಆಸುಪಾಸು. ಅಂಥ ವರ್ಷದ ಪಿಇಯನ್ನು ಹಿಡಿದು ಹತ್ತು ವರ್ಷದ ಸರಾಸರಿ ತೆಗೆದರೆ ಲೆಕ್ಕವೇ ಹದಗೆಡುತ್ತದೆ. 2012-13 ಮತ್ತು 2020-21ರಲ್ಲಿ ಕಂಪನಿ ನಷ್ಟದಲ್ಲಿತ್ತು. ನಷ್ಟಕ್ಕೆ ಪಿಇ ಇಲ್ಲ.

ಇನ್ನೊಂದು ಎಚ್ಚರಿಕೆ ತ್ರೈಮಾಸಿಕ ಲೆಕ್ಕದ್ದು. 2023-24ರ 282 ಕೋಟಿ ಲಾಭದಲ್ಲಿ ಸುಮಾರು 257 ಕೋಟಿ ಬಂದದ್ದು ಜನವರಿ–ಮಾರ್ಚ್‌ನಲ್ಲಿ. ಅದೇ ಹಣಕಾಸು ವರ್ಷದ ಏಪ್ರಿಲ್–ಜೂನ್‌ನಲ್ಲಿ 75 ಕೋಟಿಯಷ್ಟು ನಷ್ಟ! ಸೇನೆ, ರೈಲ್ವೆ, ಕಲ್ಲಿದ್ದಲು ಗಣಿಗಳಂಥ ಸರ್ಕಾರಿ ಗಿರಾಕಿಗಳಿಗೆ ಸರಕು ಹೋಗುವುದು ಹಣಕಾಸು ವರ್ಷದ ಕೊನೆಯಲ್ಲೇ ಹೆಚ್ಚು. ಆ ಮೂರು ತಿಂಗಳ ಲಾಭವನ್ನು ನಾಲ್ಕರಿಂದ ಗುಣಿಸಿದರೆ 74 ಇದ್ದ ಪಿಇ ಸುಮಾರು 20ಕ್ಕೆ ಇಳಿದಂತೆ ಕಾಣುತ್ತದೆ. ಶ್ರೀನಿವಾಸಪುರದ ಮಾವಿನ ತೋಟದ ವರ್ಷದ ಆದಾಯವನ್ನು ಜೂನ್ ತಿಂಗಳ ಮಂಡಿ ಚೀಟಿಯಿಂದ ಗುಣಿಸಿ ಹೇಳುವವರುಂಟೆ? ಪೂರ್ತಿ ನಾಲ್ಕು ತ್ರೈಮಾಸಿಕ ಕೂಡಿಸಿಯೇ ನೋಡಬೇಕು.

2025ರ ನವೆಂಬರ್‌ನಲ್ಲಿ 10 ರೂಪಾಯಿ ಮುಖಬೆಲೆಯ ಒಂದು ಷೇರು 5 ರೂಪಾಯಿಯ ಎರಡಾಯಿತು. ಬೆಲೆಯೂ ಅರ್ಧ, ಷೇರಿನ ಪಾಲಿನ ಲಾಭವೂ ಅರ್ಧ, ಪಿಇ ಬದಲಾಗಲಿಲ್ಲ. ಆದರೆ ಹಳೆಯ 67.70 ರೂಪಾಯಿಯನ್ನು ಹೊಸ ಬೆಲೆಯ ಪಕ್ಕ ಇಟ್ಟರೆ ಷೇರು ದಿಢೀರನೆ ಅಗ್ಗವಾದಂತೆ ತೋರುತ್ತದೆ. ಹೋಲಿಸುವ ಮೊದಲು ಅದನ್ನು 33.85 ಮಾಡಿಕೊಳ್ಳಿ.