ಕಲ್ಪಿತ ರಾಜ್ಯಗಳ ಯುದ್ಧಗಣಿತ

1

ಯುದ್ಧವನ್ನು ವಿನೋದವಾಗಿ ಮಾರ್ಪಡಿಸುವ ಬುದ್ಧಿ ಮನುಷ್ಯನಿಗೆ ಬಹು ಹಿಂದಿನಿಂದ ಬಂದುದು. ರಥ, ಗಜ, ತುರಗ, ಪದಾತಿಗಳೆಂಬ ನಾಲ್ಕು ಅಂಗಗಳ ಸೈನ್ಯವನ್ನು 64 ಮನೆಗಳ ಹಾಸಿನ ಮೇಲೆ ನಿಲ್ಲಿಸುವ ಚತುರಂಗವು 7ನೆಯ ಶತಮಾನದ ಬಾಣಭಟ್ಟನಿಗೆ ಪರಿಚಿತವಾಗಿದ್ದಿತೆಂಬುದು ಅವನ ‘ಹರ್ಷಚರಿತ’ದಿಂದ ತಿಳಿದುಬರುತ್ತದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ವು ಅರಸನಿಗೆ ಯೋಗ್ಯವಾದ ಕ್ರೀಡೆಗಳ ಸಾಲಿನಲ್ಲಿ ಇದನ್ನೂ ವರ್ಣಿಸಿದೆ. ಕನ್ನಡ ನಾಡಿನ ದೊರೆಯೊಬ್ಬನು ರಾಜ್ಯಭಾರದ ವಿಷಯಗಳೊಡನೆ ಈ ಆಟವನ್ನೂ ಒಂದೇ ಗ್ರಂಥದಲ್ಲಿ ಸೇರಿಸಿದುದು ಗಮನಾರ್ಹವಾದ ಸಂಗತಿ.

ಆದರೆ ಚತುರಂಗದ ಕದನದಲ್ಲಿ ಒಂದು ವಿಶೇಷವುಂಟು: ಅಲ್ಲಿ ವಧೆಯು ನಿಶ್ಚಿತ. ಕಾಲಾಳು ಕಡಿಯಬಹುದಾದ ಮನೆಯಲ್ಲಿ ಆನೆ ನಿಂತಿತೆಂದರೆ, ಕಾಲಾಳಿನ ಸರದಿ ಬಂದಾಗ ಆನೆ ಸತ್ತಂತೆಯೇ. ಗಾಯ, ಭಯ, ಅದೃಷ್ಟ ಇವೊಂದಕ್ಕೂ ಅಲ್ಲಿ ಎಡೆಯಿಲ್ಲ. ಪೆಟ್ಟು ತಿಂದವನು ಎಷ್ಟು ಗಾಸಿಗೊಂಡನು, ತಿರುಗಿ ಹೊಡೆದನೇ, ನೂರು ಮಂದಿಯಲ್ಲಿ ಎಷ್ಟು ಮಂದಿ ಉಳಿದರು ಎಂಬ ಪ್ರಶ್ನೆಗಳು ಅಲ್ಲಿ ಹುಟ್ಟುವುದೇ ಇಲ್ಲ. ಈ ಪ್ರಶ್ನೆಗಳಿಗೆ ಲೆಕ್ಕದ ಉತ್ತರವನ್ನು ಕೊಡಹೊರಟ ಆಟಗಳ ಪರಂಪರೆಯೊಂದು ಕಳೆದ 200 ವರ್ಷಗಳಲ್ಲಿ ಬೆಳೆದುಬಂದಿದೆ. ಅದರ ಒಂದು ಪ್ರಸಿದ್ಧ ಉದಾಹರಣೆಯನ್ನು ಎದುರಿಗಿಟ್ಟುಕೊಂಡು, ಅಲ್ಲಿಯ ಯುದ್ಧವಿಧಾನವು ಹೇಗೆ ನಡೆಯುತ್ತದೆ, ಅದು ಆಡುವವನ ಬುದ್ಧಿಗೆ ಏನನ್ನು ಕಲಿಸುತ್ತದೆ, ಏನನ್ನು ಮರೆಸುತ್ತದೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

2

ಪ್ರಷ್ಯಾ ದೇಶದ ರೈಸ್‌ವಿಟ್ಸ್ ಮನೆತನದ ತಂದೆ ಮಕ್ಕಳಿಬ್ಬರು ಈ ಪರಂಪರೆಯ ಮೂಲಪುರುಷರು. ತಂದೆಯು 1812ರಲ್ಲಿ ಅರಸನ ಮುಂದಿಟ್ಟ ಯುದ್ಧಕ್ರೀಡೆಯನ್ನು, ಸೈನ್ಯಾಧಿಕಾರಿಯಾಗಿದ್ದ ಮಗನು 1824ರಲ್ಲಿ ತಿದ್ದಿ, ಭೂಪಟ, ದಾಳ ಮತ್ತು ಕೋಷ್ಟಕಗಳೊಡನೆ ಪ್ರಕಟಿಸಿದನು. ಇಂತಿಷ್ಟು ದೂರದಿಂದ ಇಂತಿಷ್ಟು ಸೈನಿಕರು ಗುಂಡು ಹಾರಿಸಿದರೆ ಶತ್ರುವಿಗೆ ಎಷ್ಟು ಹಾನಿ ಎಂಬುದನ್ನು ದಾಳವೂ ಕೋಷ್ಟಕವೂ ಕೂಡಿ ನಿರ್ಣಯಿಸುತ್ತಿದ್ದುವು. ಮಧ್ಯಸ್ಥನೊಬ್ಬನು ಅದನ್ನು ಘೋಷಿಸುತ್ತಿದ್ದನು. ಇದು ಅಧಿಕಾರಿಗಳ ಶಿಕ್ಷಣಕ್ಕಾಗಿ ಹುಟ್ಟಿದ ಆಟ. 1913ರಲ್ಲಿ ಇಂಗ್ಲೆಂಡಿನ ಸಾಹಿತಿ ಎಚ್. ಜಿ. ವೆಲ್ಸ್ ‘ಲಿಟ್ಲ್ ವಾರ್ಸ್’ ಎಂಬ ಪುಸ್ತಕದಲ್ಲಿ ಆಟಿಕೆಯ ಸೈನಿಕರ ಕದನಕ್ಕೆ ನಿಯಮಗಳನ್ನು ಬರೆದು ಇದನ್ನು ಮನೆಯ ನೆಲಕ್ಕೆ ತಂದನು. 1971ರಲ್ಲಿ ಅಮೆರಿಕದಲ್ಲಿ ಹೊರಬಂದ ‘ಚೈನ್‌ಮೇಲ್’ ನಿಯಮಾವಳಿಯು ಮಧ್ಯಯುಗದ ಕಾಲಾಳು ಕುದುರೆಗಳ ಜೊತೆಗೆ ಮಾಂತ್ರಿಕರನ್ನೂ ಮಹಾಸರ್ಪಗಳನ್ನೂ ರಣರಂಗಕ್ಕಿಳಿಸಿತು. ಅಲ್ಲಿಂದ 1974ರ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಹುಟ್ಟಿತು. ಪ್ರತಿಯೊಂದು ಜೀವಕ್ಕೂ ಇಷ್ಟು ‘ಪ್ರಾಣಾಂಕ’ಗಳೆಂದು ಗೊತ್ತುಮಾಡಿ, ಪೆಟ್ಟು ಬಿದ್ದಂತೆ ಅವನ್ನು ಕಳೆಯುತ್ತ ಹೋಗುವ ಪದ್ಧತಿಯು ಅದರಿಂದ ಜನಪ್ರಿಯವಾಯಿತು. ಗಣಕಯಂತ್ರವು ಬಂದ ಮೇಲೆ ದಾಳ, ಕೋಷ್ಟಕ, ಮಧ್ಯಸ್ಥ ಈ ಮೂರರ ಕೆಲಸವನ್ನೂ ಯಂತ್ರವೇ ವಹಿಸಿಕೊಂಡಿತು.

3

ಅಮೆರಿಕದ ನ್ಯೂ ವರ್ಲ್ಡ್ ಕಂಪ್ಯೂಟಿಂಗ್ ಸಂಸ್ಥೆಯು ನಿರ್ಮಿಸಿದ, 1999ರಲ್ಲಿ ಹೊರಬಂದ ‘ಹೀರೋಸ್ ಆಫ್ ಮೈಟ್ ಅಂಡ್ ಮ್ಯಾಜಿಕ್’ ಮಾಲೆಯ ಮೂರನೆಯ ಆಟವು ಇಂತಹ ಯಂತ್ರಕ್ರೀಡೆಗಳಲ್ಲಿ ಅಗ್ರಗಣ್ಯವಾದುದು. ಎರಾಥಿಯಾ ಎಂಬ ಕಲ್ಪಿತ ರಾಜ್ಯವು ಶತ್ರುಗಳ ವಶವಾಗಿದೆ. ಅದರ ದೊರೆ ಸತ್ತಿದ್ದಾನೆ. ಮಗಳು ಕ್ಯಾಥರೀನ್ ತವರಿನ ರಕ್ಷಣೆಗೆ ಬಂದಿದ್ದಾಳೆ. ಸತ್ತ ತಂದೆಯನ್ನು ಮಾಂತ್ರಿಕರು ಪ್ರೇತರೂಪದಲ್ಲಿ ಎಬ್ಬಿಸಿ, ಅವನ ರಾಜ್ಯಕ್ಕೇ ಶತ್ರುವನ್ನಾಗಿ ಮಾಡುವುದು ಕಥೆಯ ಒಂದು ಘಟ್ಟ. ಆಡುವವನು ಕೋಟೆಗಳನ್ನು ಕಟ್ಟಿ, ಹೊನ್ನನ್ನು ಕೂಡಿಸಿ, ಸೈನ್ಯವನ್ನು ಕೊಂಡು, ನಾಯಕರ ಕೈಗೊಪ್ಪಿಸಿ ಕಳುಹಿಸಬೇಕು. ಒಬ್ಬ ನಾಯಕನ ಕೈಕೆಳಗೆ 7 ದಳಗಳಿಗಿಂತ ಹೆಚ್ಚು ಇರಲಾಗದು. ಒಂದು ದಳದಲ್ಲಿ ಒಂದೇ ಜಾತಿಯ ಯೋಧರಿರಬೇಕು. ಅವರು ಒಬ್ಬನೇ ಇರಬಹುದು, ಸಾವಿರ ಮಂದಿಯೂ ಇರಬಹುದು.

ಸೈನ್ಯದ ಉತ್ಪತ್ತಿಯಲ್ಲಿ ಒಂದು ಕ್ರಮವಿದೆ. ಮನುಷ್ಯರ ಪಟ್ಟಣದಲ್ಲಿ, ಕೋಟೆಯ ಹೆಚ್ಚಳವನ್ನು ಸೇರಿಸದೆ, ವಾರವೊಂದಕ್ಕೆ ದೊರೆಯುವವರು ಈಟಿಯ ಕಾಲಾಳುಗಳು 14, ಬಿಲ್ಲಾಳುಗಳು 9, ಸಿಂಹದ ಮೈಯೂ ಹದ್ದಿನ ತಲೆಯೂ ಉಳ್ಳ ಗ್ರಿಫಿನ್‌ಗಳು 7, ಕತ್ತಿಯಾಳುಗಳು 4, ಸನ್ಯಾಸಿಗಳು 3, ರಾವುತರು 2, ರೆಕ್ಕೆಯುಳ್ಳ ದೇವದೂತ ಒಬ್ಬನು ಮಾತ್ರ. ಒಂದು ಆನೆ, ಒಂದು ರಥಕ್ಕೆ ಮೂರು ಕುದುರೆ, ಐದು ಕಾಲಾಳುಗಳಂತೆ ಎಣಿಸುವ ಮಹಾಭಾರತದ ಅಕ್ಷೌಹಿಣಿಯ ಲೆಕ್ಕವನ್ನು ಬಲ್ಲವರಿಗೆ ಈ ಗೋಪುರಾಕಾರದ ಕ್ರಮವು ಅಪರಿಚಿತವಾಗಿ ತೋರದು. ಅಕ್ಷೌಹಿಣಿಯಲ್ಲಿ 21,870 ರಥಗಳು, ಅಷ್ಟೇ ಆನೆಗಳು, 65,610 ಕುದುರೆಗಳು, 1,09,350 ಕಾಲಾಳುಗಳು. ಬೆಲೆಯುಳ್ಳದ್ದು ವಿರಳ, ಸುಲಭವಾದದ್ದು ವಿಪುಲ ಎಂಬ ತತ್ತ್ವವೇ ಎರಡರಲ್ಲಿಯೂ ಇದೆ. ಆಟದಲ್ಲಿ ಈ ತತ್ತ್ವಕ್ಕೆ ಬೆಲೆಪಟ್ಟಿಯೂ ಉಂಟು: ಕಾಲಾಳಿಗೆ 60 ಹೊನ್ನು, ದೇವದೂತನಿಗೆ 3,000 ಹೊನ್ನು ಮತ್ತು ಒಂದು ರತ್ನ.

4

ರಣರಂಗವು ಅಗಲಕ್ಕೆ 15, ಉದ್ದಕ್ಕೆ 11 ಷಟ್ಕೋಣಾಕಾರದ ಮನೆಗಳಿಂದಾದುದು. ಕದನವು ಸುತ್ತುಗಳಾಗಿ ನಡೆಯುತ್ತದೆ. ಪ್ರತಿ ಸುತ್ತಿನಲ್ಲಿಯೂ ವೇಗವುಳ್ಳ ದಳ ಮೊದಲು, ಮಂದಗತಿಯದು ಕೊನೆಗೆ ಎಂಬಂತೆ ಸರದಿ ಬರುತ್ತದೆ. ಕಾಲಾಳಿನ ವೇಗ 4, ದೇವದೂತನದು 12. ಆದುದರಿಂದ ವೇಗವೆಂಬುದು ದೂರವನ್ನು ಕ್ರಮಿಸುವ ಶಕ್ತಿಯಷ್ಟೇ ಅಲ್ಲ, ಮೊದಲ ಪೆಟ್ಟಿನ ಹಕ್ಕೂ ಹೌದು.

ಈ ಹಕ್ಕಿನ ಬೆಲೆಯನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಎರಡೂ ಕಡೆ ನೂರು ನೂರು ಕಾಲಾಳುಗಳಿದ್ದಾರೆಂದು ಭಾವಿಸೋಣ. ಕಾಲಾಳಿನ ದಾಳಿಯ ಅಂಕ 4, ರಕ್ಷಣೆಯ ಅಂಕ 5, ಪ್ರಾಣಾಂಕ 10. ಅವನ ಪೆಟ್ಟು 1ರಿಂದ 3ರವರೆಗೆ, ಸರಾಸರಿ 2. ನಿಯಮವು ಹೀಗಿದೆ: ಹೊಡೆಯುವವನ ದಾಳಿಯು ಹೊಡೆಸಿಕೊಳ್ಳುವವನ ರಕ್ಷಣೆಗಿಂತ ಹೆಚ್ಚಿದ್ದರೆ, ಪ್ರತಿ ಅಂಕಕ್ಕೂ ಪೆಟ್ಟು ನೂರಕ್ಕೆ 5ರಂತೆ ಏರುತ್ತದೆ, ಈ ಏರಿಕೆ ನೂರಕ್ಕೆ 300ನ್ನು ಮೀರದು. ಕಡಿಮೆಯಿದ್ದರೆ ಪ್ರತಿ ಅಂಕಕ್ಕೂ ನೂರಕ್ಕೆ ಎರಡೂವರೆಯಂತೆ ಇಳಿಯುತ್ತದೆ. ಈ ಇಳಿತ ನೂರಕ್ಕೆ 70ನ್ನು ಮೀರದು. ಇಲ್ಲಿ ದಾಳಿಯು ಒಂದಂಕ ಕಡಿಮೆಯಾದುದರಿಂದ, 200 ಆಗಬೇಕಾಗಿದ್ದ ಪೆಟ್ಟು 195ಕ್ಕೆ ಇಳಿಯುತ್ತದೆ. ಶತ್ರುಗಳಲ್ಲಿ 19 ಮಂದಿ ಸಾಯುತ್ತಾರೆ. ಇಪ್ಪತ್ತನೆಯವನು ಅರ್ಧ ಪ್ರಾಣದಲ್ಲಿ ಉಳಿಯುತ್ತಾನೆ. ಅನಂತರ ಶತ್ರುದಳವು ಮರುಪೆಟ್ಟು ಕೊಡುತ್ತದೆ. ಆದರೆ ಸತ್ತವರು ತಿರುಗಿ ಹೊಡೆಯಲಾರರು. ಉಳಿದ 81 ಮಂದಿಯ ಪೆಟ್ಟು ಸುಮಾರು 158. ಅದರಿಂದ ಈ ಕಡೆ ಸಾಯುವವರು 15 ಮಂದಿ. ಎರಡು ಸೈನ್ಯಗಳೂ ಎಲ್ಲ ವಿಧದಲ್ಲಿಯೂ ಸಮನಾಗಿದ್ದರೂ, ಮೊದಲು ಹೊಡೆದವನಿಗೆ ನಾಲ್ವರ ಲಾಭವುಂಟಾಯಿತು.

ನಾಯಕನು ಸ್ವತಃ ಕತ್ತಿ ಹಿಡಿದು ಕಾದುವುದಿಲ್ಲ. ಆದರೆ ಅವನ ದಾಳಿ, ರಕ್ಷಣೆಗಳ ಅಂಕಗಳು ಅವನ ಪ್ರತಿಯೊಬ್ಬ ಯೋಧನ ಅಂಕಗಳಿಗೂ ಕೂಡುತ್ತವೆ. ದಾಳಿಯಲ್ಲಿ 10 ಅಂಕಗಳನ್ನುಳ್ಳ ನಾಯಕನಿದ್ದರೆ, ಅದೇ ನೂರು ಕಾಲಾಳುಗಳ ದಾಳಿ 14 ಆಗಿ, ಪೆಟ್ಟು 290ಕ್ಕೆ ಏರಿ, 19 ಮಂದಿ ಸಾಯುವಲ್ಲಿ 29 ಮಂದಿ ಸಾಯುತ್ತಾರೆ. ದೂರದಿಂದ ಹೊಡೆಯುವ ಬಿಲ್ಲಾಳುಗಳಿಗೆ ಮರುಪೆಟ್ಟಿನ ಭಯವಿಲ್ಲ. ಆದರೆ 10 ಮನೆಗಳಾಚೆಗೆ ಅವರ ಬಾಣದ ಬಲ ಅರ್ಧವಾಗುತ್ತದೆ. ಶತ್ರುವು ಪಕ್ಕಕ್ಕೆ ಬಂದು ನಿಂತರೆ ಬಿಲ್ಲು ನಿರುಪಯುಕ್ತವಾಗುತ್ತದೆ. ಆದುದರಿಂದ ಬಿಲ್ಲಾಳುಗಳನ್ನು ಕಾಯುವುದೂ, ಎದುರಾಳಿಯ ಬಿಲ್ಲಾಳುಗಳನ್ನು ಮೊದಲು ಮುಟ್ಟುವುದೂ ವ್ಯೂಹರಚನೆಯ ಮುಖ್ಯ ಚಿಂತೆಗಳಾಗಿವೆ.

ಧೈರ್ಯಕ್ಕೂ ಇಲ್ಲಿ ಅಂಕವುಂಟು. ಒಂದೇ ಪಟ್ಟಣದ ಯೋಧರಿಂದಾದ ಸೈನ್ಯದಲ್ಲಿ ಅದು ಏರುತ್ತದೆ. ಹಲವು ಪಟ್ಟಣದವರು ಬೆರೆತರೆ ಇಳಿಯುತ್ತದೆ. ಪ್ರೇತಗಳ ದಳವೊಂದು ಸೇರಿದರೆ ಬದುಕಿರುವವರೆಲ್ಲರ ಎದೆ ಕುಗ್ಗುತ್ತದೆ. ಧೈರ್ಯವು ಮೇಲ್ಮಟ್ಟದಲ್ಲಿದ್ದರೆ ಎಂಟರಲ್ಲಿ ಒಂದು ಬಾರಿ ದಳಕ್ಕೆ ಹೆಚ್ಚಿನ ಸರದಿ ದೊರೆಯುತ್ತದೆ. ಕೀಳ್ಮಟ್ಟಕ್ಕೆ ಕುಸಿದರೆ ನಾಲ್ಕರಲ್ಲಿ ಒಂದು ಬಾರಿ ದಳವು ಸ್ತಬ್ಧವಾಗಿ ನಿಲ್ಲುತ್ತದೆ. ಮಂತ್ರಗಳ ವಿಷಯವನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ನಾಯಕನು ಸುತ್ತಿಗೆ ಒಂದೇ ಮಂತ್ರವನ್ನು ಪ್ರಯೋಗಿಸಬಲ್ಲನು. ಶತ್ರುವಿನ ವೇಗವನ್ನು ತಗ್ಗಿಸುವ ಸಾಧಾರಣ ಮಂತ್ರವು ಬೆಂಕಿಯ ಮಳೆಗರೆಯುವ ಮಹಾಮಂತ್ರಕ್ಕಿಂತ ಅನೇಕ ವೇಳೆ ಹೆಚ್ಚು ಉಪಯುಕ್ತವಾಗುವುದು, ಮೇಲೆ ಹೇಳಿದ ಮೊದಲ ಪೆಟ್ಟಿನ ಮಹತ್ತ್ವಕ್ಕೆ ಇನ್ನೊಂದು ನಿದರ್ಶನ.

5

ಸಂಖ್ಯಾಬಲದ ವಿಷಯದಲ್ಲಿ ಈ ಆಟವು ಒಂದು ನಿಜವಾದ ಯುದ್ಧಸಿದ್ಧಾಂತಕ್ಕೆ ಸಮೀಪವಾಗಿ ನಡೆಯುತ್ತದೆ. ಇಂಗ್ಲೆಂಡಿನ ಯಂತ್ರಶಾಸ್ತ್ರಜ್ಞ ಎಫ್. ಡಬ್ಲ್ಯು. ಲ್ಯಾಂಚೆಸ್ಟರ್ ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಪ್ರತಿಪಾದಿಸಿ 1916ರಲ್ಲಿ ಗ್ರಂಥರೂಪಕ್ಕೆ ತಂದ ವರ್ಗನಿಯಮದಂತೆ, ಎಲ್ಲರೂ ಎಲ್ಲರ ಮೇಲೂ ಹೊಡೆಯಬಲ್ಲ ಕದನದಲ್ಲಿ ಸೈನ್ಯದ ಬಲವು ಅದರ ಸಂಖ್ಯೆಯಂತೆ ಏರದೆ ಸಂಖ್ಯೆಯ ವರ್ಗದಂತೆ ಏರುತ್ತದೆ. ಸಮಾನ ಯೋಗ್ಯತೆಯ ನೂರು ಮಂದಿ ಎಂಬತ್ತು ಮಂದಿಯನ್ನು ಎದುರಿಸಿದರೆ ಉಳಿಯುವವರು ಇಪ್ಪತ್ತಲ್ಲ, ಅರುವತ್ತು. ಶತ್ರುವಿನ ನೂರು ಮಂದಿ ಐವತ್ತೈವತ್ತರ ಎರಡು ಭಾಗಗಳಾಗಿ ಒಂದಾದ ಮೇಲೊಂದು ಎದುರಾದರೆ, ಇಬ್ಬರನ್ನೂ ಸೋಲಿಸಿದ ಮೇಲೆಯೂ ಸುಮಾರು ಎಪ್ಪತ್ತು ಮಂದಿ ಉಳಿಯುತ್ತಾರೆ. ಶತ್ರುವನ್ನು ಒಡೆ, ನೀನು ಒಡೆಯಬೇಡ ಎಂಬ ಹಳೆಯ ನೀತಿಗೆ ಗಣಿತವು ಕೊಡುವ ಸಮರ್ಥನೆ ಇದು. ಈ ಆಟದಲ್ಲಿಯೂ ಬಲಿಷ್ಠವಾದ ಒಂದು ಸೈನ್ಯವು, ಹರಿದುಹಂಚಿಹೋದ ಮೂರು ಸೈನ್ಯಗಳನ್ನು ಒಂದೊಂದಾಗಿ ಅಲ್ಪ ನಷ್ಟದಿಂದ ನುಂಗಿಬಿಡುತ್ತದೆ.

ಆದರೆ ಇದೇ ಗಣಿತದಿಂದ ಇನ್ನೊಂದು ಪಾಠವೂ ಹೊರಡುತ್ತದೆ. ಸಾಮಾನ್ಯವಾಗಿ ಒಂದು ದಳವು ಸುತ್ತಿಗೆ ಒಂದೇ ಬಾರಿ ಮರುಪೆಟ್ಟು ಕೊಡಬಲ್ಲುದು. ಇದನ್ನು ಅರಿತ ಆಟಗಾರನು ತನ್ನ ನೂರು ಕಾಲಾಳುಗಳಲ್ಲಿ ಒಬ್ಬನನ್ನು ಬೇರೆ ದಳವಾಗಿ ನಿಲ್ಲಿಸಿ, ಶತ್ರುವಿನ ನೂರು ಮಂದಿಯ ಮೇಲೆ ಅವನೊಬ್ಬನನ್ನೇ ಮೊದಲು ಏರಿಸುತ್ತಾನೆ. ಅವನ ಪೆಟ್ಟಿನಿಂದ ಯಾರೂ ಸಾಯುವುದಿಲ್ಲ. ನೂರು ಮಂದಿಯ ಮರುಪೆಟ್ಟು ಅವನೊಬ್ಬನ ಮೇಲೆ ಬೀಳುತ್ತದೆ, ಅವನು ಸಾಯುತ್ತಾನೆ, ಮಿಕ್ಕ ಬಲವೆಲ್ಲ ವ್ಯರ್ಥವಾಗುತ್ತದೆ. ಅನಂತರ ಉಳಿದ 99 ಮಂದಿ ನಿರ್ಭಯವಾಗಿ ಹೊಡೆದು, ಸರಾಸರಿಯಲ್ಲಿ ಅದೇ 19 ಮಂದಿಯನ್ನು ಕೊಲ್ಲುತ್ತಾರೆ. ಹದಿನೈದು ಜೀವಗಳ ನಷ್ಟವಾಗುತ್ತಿದ್ದಲ್ಲಿ ಒಂದೇ ಜೀವದ ನಷ್ಟವಾಯಿತು. ಲೆಕ್ಕದಲ್ಲಿ ತಪ್ಪಿಲ್ಲ. ನುರಿತವರೆಲ್ಲರೂ ಹೀಗೆಯೇ ಆಡುತ್ತಾರೆ. ಹೀಗೆ ಆಡದವನನ್ನು ಅನನುಭವಿಯೆಂದು ಎಣಿಸುತ್ತಾರೆ.

ಯುದ್ಧದ ಆಟವು ಯುದ್ಧದ ಯಾವ ಭಾಗವನ್ನು ಕೈಬಿಟ್ಟಿದೆಯೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಆ ಒಬ್ಬನು ಹೋಗಲಾರೆನೆಂದು ಹೇಳುವಂತಿಲ್ಲ. ಅವನು ಸತ್ತುದನ್ನು ಕಂಡು ಉಳಿದ 99 ಮಂದಿಯ ಧೈರ್ಯವು ಕುಗ್ಗುವುದಿಲ್ಲ. ಧೈರ್ಯದ ಅಂಕವು ಯಾರು ಯಾರ ಜೊತೆ ನಿಂತಿದ್ದಾರೆಂಬುದನ್ನು ನೋಡುತ್ತದೆಯೇ ಹೊರತು, ನಾಯಕನು ಅವರನ್ನು ಹೇಗೆ ನಡೆಸಿಕೊಂಡನೆಂಬುದನ್ನು ನೋಡುವುದಿಲ್ಲ. ಸೈನ್ಯಕ್ಕೆ ಅನ್ನ ಬೇಕಾಗಿಲ್ಲ, ಕುದುರೆಗೆ ಹುಲ್ಲು ಬೇಕಾಗಿಲ್ಲ. ಕದನ ಮುಗಿದೊಡನೆ ಗಾಯಾಳುವು ಪೂರ್ಣ ಆರೋಗ್ಯವನ್ನು ಪಡೆಯುತ್ತಾನೆ. ಸತ್ತವನು ಎಣಿಕೆಯಿಂದ ಇಳಿಯುತ್ತಾನೆ. ಇವೆರಡರ ನಡುವಿನ ಸ್ಥಿತಿಯೇ ಇಲ್ಲ. ಕೌಟಿಲ್ಯನ ‘ಅರ್ಥಶಾಸ್ತ್ರ’ವು ದಯಾಶಾಸ್ತ್ರವೆಂದು ಹೆಸರಾದುದಲ್ಲ. ಆದರೂ ಯುದ್ಧಕಾಲದಲ್ಲಿ ಶಸ್ತ್ರ, ಔಷಧ, ಎಣ್ಣೆ, ಬಟ್ಟೆಗಳನ್ನು ಹಿಡಿದ ವೈದ್ಯರೂ, ಅನ್ನಪಾನಗಳನ್ನು ಹಿಡಿದು ಹುರಿದುಂಬಿಸುವ ಹೆಂಗಸರೂ ಸೈನ್ಯದ ಬೆನ್ನಿಗೆ ನಿಂತಿರಬೇಕೆಂದು ಅದು ವಿಧಿಸುತ್ತದೆ. ನಿಜವಾದ ಸೈನ್ಯವನ್ನು ನಡೆಸುವ ಶಾಸ್ತ್ರಕಾರನು ಮರೆಯಲಾಗದ ಈ ಸಂಗತಿಯನ್ನು ಕಲ್ಪಿತ ಸೈನ್ಯವನ್ನು ನಡೆಸುವವನು ಮರೆಯಬಹುದಾಗಿದೆ.

ಇದು ಆಟದ ದೋಷವೆನ್ನಲಾಗದು. ಎಲ್ಲವನ್ನೂ ಒಳಗೊಂಡರೆ ಆಟವು ಆಟವಾಗಿ ಉಳಿಯದು. ಮುಂದಾಲೋಚನೆ, ಅಲ್ಪಬಲದ ಸದುಪಯೋಗ, ಸೋಲಿನಲ್ಲಿ ಹಿಂದೆಗೆಯುವ ವಿವೇಕ ಇವನ್ನು ಅದು ಚೆನ್ನಾಗಿಯೇ ಕಲಿಸುತ್ತದೆ. ದೋಷವು ಹುಟ್ಟುವುದು, ಕೋಷ್ಟಕದಲ್ಲಿ ಇಲ್ಲದುದು ಲೋಕದಲ್ಲಿಯೂ ಇಲ್ಲವೆಂದು ಬಗೆದಾಗ. ಆಟಿಕೆಯ ಯುದ್ಧಕ್ಕೆ ನಿಯಮ ಬರೆದ ವೆಲ್ಸನು ತನ್ನ ಪುಸ್ತಕದ ಕೊನೆಯಲ್ಲಿ, ಮೂರು ನಾಲ್ಕು ಸಲ ಈ ಚಿಕ್ಕ ಯುದ್ಧವನ್ನು ಆಡಿದವನಿಗೆ ದೊಡ್ಡ ಯುದ್ಧವು ಎಂತಹ ಎಡವಟ್ಟಿನ ಕೆಲಸವೆಂಬುದು ಹೊಳೆಯದೆ ಇರದೆಂಬ ಅಭಿಪ್ರಾಯವನ್ನು ಸೂಚಿಸಿದ್ದನು. ಆ ಪುಸ್ತಕವು ಹೊರಬಂದ ಮರುವರ್ಷವೇ, 1914ರಲ್ಲಿ, ದೊಡ್ಡ ಯುದ್ಧವು ಬಂದಿತು. ಅದರಲ್ಲಿ ಮೊದಲ ಪೆಟ್ಟನ್ನು ತಿನ್ನಲು ಕಳುಹಿಸಲ್ಪಟ್ಟವರು 60 ಹೊನ್ನಿನ ಕಾಲಾಳುಗಳಾಗಿರಲಿಲ್ಲ. ಅವರಲ್ಲಿ ಒಬ್ಬೊಬ್ಬನಿಗೂ ಒಂದು ಹೆಸರಿದ್ದಿತು, ಒಂದು ಊರಿದ್ದಿತು.