ಮಥಾಯ್ ಮುನಿದ ವರ್ಷ

ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳಲ್ಲಿ, ನೆಹರೂ ಸಂಪುಟದ ಹಣಕಾಸು ಮಂತ್ರಿಯಾಗಿದ್ದ ಜಾನ್ ಮಥಾಯ್ ಉಳಿದುಕೊಂಡಿರುವುದು ಒಂದೇ ಕಾರಣಕ್ಕೆ. 1950ರಲ್ಲಿ ಅವರ ಬಜೆಟ್ ಸೋರಿಕೆಯಾಗಿ, ಮುದ್ರಣ ರಾಷ್ಟ್ರಪತಿ ಭವನದಿಂದ ಮಿಂಟೋ ರಸ್ತೆಗೆ ಹೋಯಿತು. ಅದೇ ವರ್ಷ ಅವರು ರಾಜೀನಾಮೆ ಕೊಟ್ಟರು. ಗೈಡು ಬರೆಯುವವರು ಎರಡನ್ನೂ ಗಂಟು ಹಾಕಿ ಕೈತೊಳೆದುಕೊಳ್ಳುತ್ತಾರೆ. ನಿಜವಾದ ಜಗಳ ಬೇರೆಯೇ ಇತ್ತು.

ಆ ಮಾರ್ಚ್ 15ರಂದು ಸಂಪುಟದ ಒಂದು ನಿರ್ಣಯದಿಂದ ಯೋಜನಾ ಆಯೋಗ ಹುಟ್ಟಿತು. ಸಂವಿಧಾನದಲ್ಲಿ ಅದರ ಹೆಸರಿಲ್ಲ, ಸಂಸತ್ತಿನ ಕಾಯ್ದೆಯೂ ಬೆನ್ನಿಗಿಲ್ಲ. ಅಧ್ಯಕ್ಷರು ಮಾತ್ರ ಸಾಕ್ಷಾತ್ ಪ್ರಧಾನಿ ನೆಹರೂ. ಇದು ಇನ್ನೊಂದು ಸಂಪುಟವಾಗುತ್ತದೆ, ಖರ್ಚಿನ ಮೇಲೆ ಹಣಕಾಸು ಇಲಾಖೆಯ ಹಿಡಿತ ಸಡಿಲುತ್ತದೆ ಎಂದು ಮಥಾಯ್ ತಕರಾರು ತೆಗೆದರು. ಅಲ್ಪಸಂಖ್ಯಾತರ ರಕ್ಷಣೆಗೆ ಪಾಕಿಸ್ತಾನದ ಜೊತೆ ಆದ ನೆಹರೂ–ಲಿಯಾಖತ್ ಒಪ್ಪಂದದ ಅಸಮಾಧಾನವೂ ಜೊತೆಗಿತ್ತು. ಹಾಗಂತ ಯೋಜನೆಯೆಂದರೆ ಮೂಗುಮುರಿಯುವ ಆಸಾಮಿಯಲ್ಲ. ಉದ್ಯಮಿಗಳಾದ ಟಾಟಾ, ಬಿರ್ಲಾರ ಜೊತೆ ದೇಶದ ಆರ್ಥಿಕಾಭಿವೃದ್ಧಿಗೆ ಬರೆದ 1944ರ ಬಾಂಬೆ ಪ್ಲಾನ್‌ಗೆ ಸಹಿ ಹಾಕಿದವರು! ಕಾರಣಗಳನ್ನು ಬಹಿರಂಗವಾಗಿಯೇ ಹೇಳಿ ಹೊರನಡೆದರು. ‘ವೈಯಕ್ತಿಕ ಕಾರಣ’ದ ಈಗಿನ ರಾಜೀನಾಮೆಗಳನ್ನು ಓದುವಾಗೆಲ್ಲ ನನಗೆ ಅವರ ನೆನಪು. ಜಗಳ ಹಗೆಯಾಗಲೂ ಇಲ್ಲ: 1955ರಲ್ಲಿ ಸ್ಟೇಟ್ ಬ್ಯಾಂಕ್ ಹುಟ್ಟಿದಾಗ ಮೊದಲ ಅಧ್ಯಕ್ಷರಾಗಿ ಬಂದವರು ಇದೇ ಮಥಾಯ್.

ಅವರ ಕುರ್ಚಿಗೆ ಬಂದ ಸಿ.ಡಿ. ದೇಶಮುಖ್ ಆಯೋಗದ ಸದಸ್ಯರೇ ಆಗಿದ್ದರು. ಗೆದ್ದವರು ಯಾರೆಂದು ಬೇರೆ ಹೇಳಬೇಕಿಲ್ಲ.

ಆಯೋಗದ ಹಿಡಿತ ರಾಜ್ಯಗಳ ದುಡ್ಡಿಗೂ ಚಾಚಿತು. ರಾಜ್ಯಗಳಿಗೆ ತೆರಿಗೆ ಹಂಚಲು ಸಂವಿಧಾನದ 280ನೇ ವಿಧಿಯಡಿ ಹಣಕಾಸು ಆಯೋಗವಿತ್ತು. ಆದರೂ ಯೋಜನೆಯ ಅನುದಾನ 282ನೇ ವಿಧಿಯೆಂಬ ಹಿತ್ತಿಲ ಬಾಗಿಲಿನಿಂದ ರಾಜ್ಯಗಳಿಗೆ ಹರಿಯಿತು. 1969ರ ಗಾಡ್ಗೀಳ್ ಸೂತ್ರ ಬಂದ ಮೇಲೆ ಹಂಚಿಕೆಗೊಂದು ಕ್ರಮ ಸಿಕ್ಕಿತು. ಮುಖ್ಯಮಂತ್ರಿಗಳು ಯೋಜನಾ ಭವನದಲ್ಲಿ ಕೂತು ‘ಯೋಜನಾ ಗಾತ್ರ’ಕ್ಕೆ ಚೌಕಾಸಿ ಮಾಡುವುದು ವರ್ಷವರ್ಷದ ಸುದ್ದಿಯಾಗಿತ್ತು.

2015ರ ಜನವರಿ 1ರಂದು ಆ ಜಾಗಕ್ಕೆ ನೀತಿ ಆಯೋಗ ಬಂತು. ಮುಖ್ಯಮಂತ್ರಿಗಳು ಈಗಲೂ ಸಭೆಗೆ ಹೋಗುತ್ತಾರೆ. ಅಲ್ಲಿ ಹಂಚಲು ದುಡ್ಡಿಲ್ಲ. ಹಿಡಿತ ಹಣಕಾಸು ಇಲಾಖೆಗೇ ಮರಳಿತು, ಮಥಾಯ್ ಬಯಸಿದಂತೆ. ರಾಜ್ಯಗಳ ಪಾಡು ಸುಧಾರಿಸಿತೇ? 15ನೇ ಹಣಕಾಸು ಆಯೋಗದ ತೆರಿಗೆ ಹಂಚಿಕೆಯಲ್ಲಿ ಕರ್ನಾಟಕದ ಪಾಲು ಶೇ 4.713ರಿಂದ ಶೇ 3.647ಕ್ಕೆ ಇಳಿಯಿತು. 2024ರ ಫೆಬ್ರುವರಿಯಲ್ಲಿ ಅದನ್ನು ಪ್ರತಿಭಟಿಸಿ ರಾಜ್ಯದ ಮುಖ್ಯಮಂತ್ರಿ, ಮಂತ್ರಿಗಳು ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತರು. ಸೆಸ್, ಸರ್‌ಚಾರ್ಜ್‌ಗಳಂತೂ ಹಂಚಿಕೆಯ ಲೆಕ್ಕಕ್ಕೇ ಬರುವುದಿಲ್ಲ. ಅವನ್ನು ಎಷ್ಟು ಹಾಕಬೇಕೆಂಬುದನ್ನು ಕೇಂದ್ರವೇ ತೀರ್ಮಾನಿಸುತ್ತದೆ.