ಓಡಿದ ದೂರ, ಉಳಿದ ಆಯಸ್ಸು

ಬೆಳಗ್ಗೆ ಏಳು ಗಂಟೆ. ಅಂಗಳದಲ್ಲಿ ಬಿಳಿ ಬಣ್ಣದ ಫಾರ್ಚೂನರ್ ನಿಂತಿತ್ತು. 2012ರ ಮಾಡೆಲ್, ಮೀಟರಿನಲ್ಲಿ 2,40,000 ಕಿಲೋಮೀಟರ್. ಮಾರುವವರು ಕೀ ಚಾಚಿದರೂ ನನ್ನ ಜೊತೆ ಬಂದಿದ್ದ ಮೇಸ್ತ್ರಿ ಕೈ ನೀಡಲಿಲ್ಲ. ಮೊದಲು ಬಾನೆಟ್ ಮೇಲೆ ಅಂಗೈ ಊರಿದ. ಇಬ್ಬನಿ ಹಾಗೇ ಕೈಗೆ ಹತ್ತಿತು. “ತಣ್ಣಗಿದೆ. ರಾತ್ರಿಯಿಂದ ಸ್ಟಾರ್ಟ್ ಮಾಡಿಲ್ಲ. ಈಗ ಕೊಡಿ” ಎಂದ.

ಹಳೆಯ ಗಾಡಿ ಕೊಳ್ಳುವಾಗ ನಾವು ಕೇಳುವ ಮೊದಲ ಪ್ರಶ್ನೆ ‘ಎಷ್ಟು ಓಡಿದೆ?’ ಎರಡು ಲಕ್ಷ ದಾಟಿದೆ ಎಂದರೆ ಎದೆ ಧಸಕ್ಕೆನ್ನುತ್ತದೆ. ಭಯ ಸಹಜವೇ. ಎರಡು ಲಕ್ಷದ ನಲವತ್ತು ಸಾವಿರ ಕಿಲೋಮೀಟರ್ ಎಂದರೆ ಭೂಮಿಯ ನಡುವಿಗೆ ಆರು ಸುತ್ತು. ಆದರೆ ಎಂಜಿನ್ನಿಗೆ ರಸ್ತೆ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ತಾನು ಎಷ್ಟು ಗಂಟೆ ದುಡಿದೆ, ಎಷ್ಟು ಸಲ ತಣ್ಣಗಿದ್ದಾಗ ಎದ್ದೆ, ಯಾವ ಎಣ್ಣೆ ಕುಡಿದೆ ಎಂಬುದಷ್ಟೇ. ಟ್ರ್ಯಾಕ್ಟರನ್ನೂ ಜೆಸಿಬಿಯನ್ನೂ ಕೊಳ್ಳುವ ರೈತರು, ಕಂಟ್ರಾಕ್ಟರುಗಳು ‘ಎಷ್ಟು ಗಂಟೆ ಆಗಿದೆ?’ ಎಂದೇ ಕೇಳುತ್ತಾರೆ. ಕಾರು ಕೊಳ್ಳುವವರೂ ಹಾಗೆ ಕೇಳುವುದನ್ನು ಕಲಿಯಬೇಕು.

ಒಂದು ಲೆಕ್ಕ ಹಾಕೋಣ. ಬೆಂಗಳೂರು–ಹುಬ್ಬಳ್ಳಿ ಹೆದ್ದಾರಿಯಂಥ ರಸ್ತೆಯಲ್ಲಿ ಗಂಟೆಗೆ ಸರಾಸರಿ 60ರಂತೆ 2,40,000 ಕಿ.ಮೀ. ಓಡಿದ ಗಾಡಿಯ ಎಂಜಿನ್ ದುಡಿದದ್ದು 4,000 ಗಂಟೆ. ಬೆಂಗಳೂರಿನ ಸಿಗ್ನಲ್‌ಗಳ ನಡುವೆ ಸರಾಸರಿ 15ರ ವೇಗದಲ್ಲಿ ಬರೀ 90,000 ಕಿ.ಮೀ. ಓಡಿದ ಗಾಡಿಯ ಎಂಜಿನ್ ದುಡಿದದ್ದು 6,000 ಗಂಟೆ. ಕಡಿಮೆ ಓಡಿದ ಗಾಡಿಯೇ ಹೆಚ್ಚು ದಣಿದಿದೆ! ಅದರ ಕ್ಲಚ್ಚು, ಬ್ರೇಕು, ಗೇರ್‌ಬಾಕ್ಸ್‌ಗಳ ದಣಿವು ಇನ್ನೂ ಹೆಚ್ಚು.

ಬಿಡದಿಯಲ್ಲಿ ತಯಾರಾಗಿ 2009ರಿಂದ ನಮ್ಮ ರಸ್ತೆಗಿಳಿದ ಮೊದಲ ತಲೆಮಾರಿನ ಫಾರ್ಚೂನರ್‌ನ ಡೀಸೆಲ್ ಎಂಜಿನ್ 2,982 ಸಿಸಿಯದು. ನಾಲ್ಕು ಪಿಸ್ಟನ್‌ಗಳು. ಒಂದೊಂದೂ ಪ್ರತಿ ಸುತ್ತಿಗೆ 103 ಮಿಲಿಮೀಟರ್ ಮೇಲೇರಿ ಅಷ್ಟೇ ಕೆಳಗಿಳಿಯುತ್ತದೆ. ನಿಮಿಷಕ್ಕೆ 2,000 ಸುತ್ತಿನಂತೆ 4,000 ಗಂಟೆಗೆ 48 ಕೋಟಿ ಸುತ್ತು. ಅಂದರೆ ಒಂದು ಗೇಣಿಗೂ ಕಡಿಮೆ ಆಳದ ಕೊಳವೆಯೊಳಗೆ ಓಡಾಡಿಕೊಂಡೇ ಆ ಪಿಸ್ಟನ್ ಸುಮಾರು 99,000 ಕಿ.ಮೀ. ಸವೆಸಿದೆ. ಲೋಹ ಲೋಹಕ್ಕೆ ಉಜ್ಜಿದ್ದರೆ ಮೊದಲ ದಿನವೇ ಕಥೆ ಮುಗಿಯುತ್ತಿತ್ತು. ಮುಗಿಯಲಿಲ್ಲ ಏಕೆ?

ಎಣ್ಣೆಯ ದೆಸೆಯಿಂದ. ಜೋರು ಮಳೆಯಲ್ಲಿ ವೇಗವಾಗಿ ಹೋಗುವ ಕಾರಿನ ಟೈರು ಕೆಲವೊಮ್ಮೆ ರಸ್ತೆ ಬಿಟ್ಟು ನೀರಿನ ಪದರದ ಮೇಲೆ ತೇಲಿಬಿಡುತ್ತದೆ. ಟೈರಿಗೆ ಅದು ಅಪಾಯ, ಎಂಜಿನ್‌ನ ಬೇರಿಂಗಿಗೆ ಅದೇ ಪ್ರಾಣ. ಕ್ರ್ಯಾಂಕ್ ಶಾಫ್ಟ್ ವೇಗವಾಗಿ ತಿರುಗುವಾಗ ಎಣ್ಣೆಯನ್ನು ತನ್ನಡಿಗೆ ಎಳೆದುಕೊಂಡು, ಕೂದಲೆಳೆಗಿಂತ ಎಷ್ಟೋ ತೆಳುವಾದ ಪದರದ ಮೇಲೆ ತೇಲುತ್ತದೆ. ವೇಗ, ಭಾರ, ಎಣ್ಣೆಯ ಮಂದತನ ಇವು ಸೇರಿ ಘರ್ಷಣೆಯನ್ನು ಹೇಗೆ ತೀರ್ಮಾನಿಸುತ್ತವೆ ಎಂಬುದನ್ನು ಜರ್ಮನಿಯ ಎಂಜಿನಿಯರ್ ರಿಚರ್ಡ್ ಸ್ಟ್ರಿಬೆಕ್ 1902ರಲ್ಲೇ ಒಂದು ವಕ್ರರೇಖೆಯಲ್ಲಿ ತೋರಿಸಿದರು. ಇವತ್ತಿಗೂ ಆ ವಕ್ರರೇಖೆಗೆ ಅವರದೇ ಹೆಸರು. ವೇಗ ಇದ್ದಾಗ ತೇಲುವ ಲೋಹ, ವೇಗ ಇಲ್ಲದಾಗ ತಳ ಮುಟ್ಟುತ್ತದೆ. ಆದ್ದರಿಂದ ಸವೆತದ ದೊಡ್ಡ ಪಾಲು ನಡೆಯುವುದು ತಣ್ಣಗಿನ ಎಂಜಿನ್ ಎದ್ದೇಳುವ ಆ ಕೆಲವು ಕ್ಷಣಗಳಲ್ಲಿ. ದಿನಕ್ಕೆ ಹತ್ತು ಸಲ ಸ್ಟಾರ್ಟ್ ಆಗಿ ಅಂಗಡಿಯವರೆಗೆ ಹೋಗಿ ಬರುವ ಗಾಡಿಗಿಂತ, ಬೆಳಗ್ಗೆ ಒಮ್ಮೆ ಎದ್ದು ಮುನ್ನೂರು ಕಿ.ಮೀ. ಹೋಗುವ ಗಾಡಿ ಹೆಚ್ಚು ಬಾಳುವುದು ಇದಕ್ಕೇ.

ಮೇಸ್ತ್ರಿ ಬಾನೆಟ್ ಮೇಲೆ ಅಂಗೈ ಊರಿದ್ದೂ ಆ ತಣ್ಣಗಿನ ಕ್ಷಣಕ್ಕಾಗಿಯೇ. ಬಿಸಿ ಎಂಜಿನ್ ತನ್ನ ರೋಗವನ್ನು ಮುಚ್ಚಿಡುತ್ತದೆ, ತಣ್ಣಗಿನದು ಹೊರಗೆ ಹಾಕುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. ಗಾಳಿಯನ್ನು ಹದಿನೈದು ಹದಿನೆಂಟು ಪಟ್ಟು ಒತ್ತಿ, ಆ ಒತ್ತಡದ ಬಿಸಿಯಲ್ಲೇ ಡೀಸೆಲ್ ಹೊತ್ತಿಕೊಳ್ಳಬೇಕು. ಪಿಸ್ಟನ್ ರಿಂಗುಗಳು ಸವೆದಿದ್ದರೆ ಗಾಳಿ ಸಂದಿಯಿಂದ ಜಾರುತ್ತದೆ, ಬಿಸಿ ಸಾಲುವುದಿಲ್ಲ, ಸೆಲ್ಫ್ ಹೊಡೆದು ಹೊಡೆದು ಸಾಕಾಗುತ್ತದೆ. ಎದ್ದ ಮೇಲೆ ಹೊಗೆಯ ಬಣ್ಣ ನೋಡಬೇಕು. ನೀಲಿ ಛಾಯೆ ಇದ್ದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ದಟ್ಟ ಕಪ್ಪಾದರೆ ಡೀಸೆಲ್‌ಗೆ ತಕ್ಕಷ್ಟು ಗಾಳಿ ಸಿಗುತ್ತಿಲ್ಲ, ಇಲ್ಲವೇ ಇಂಜೆಕ್ಟರ್ ಕೆಟ್ಟಿದೆ. ಬಿಳಿ ಹೊಗೆ ಬಿಸಿಯಾದ ಮೇಲೂ ನಿಲ್ಲದೆ ಸಿಹಿ ವಾಸನೆ ಬಂದರೆ ಕೂಲೆಂಟ್ ಒಳಗೆ ಸೋರುತ್ತಿದೆ.

ನಮ್ಮ ಗಾಡಿ ಅರ್ಧ ಸೆಲ್ಫಿಗೇ ಎದ್ದಿತು. ಎಂಜಿನ್ ಓಡುತ್ತಿರುವಾಗಲೇ ಮೇಸ್ತ್ರಿ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ತೆಗೆದು, ಮಗುಚಿ ಅದೇ ಬಾಯಿಯ ಮೇಲೆ ಮೆಲ್ಲಗೆ ಇಟ್ಟ. ಮುಚ್ಚಳ ಸಣ್ಣಗೆ ನಡುಗಿತು, ಹಾರಲಿಲ್ಲ. ಗ್ಯಾರೇಜಿನವರು ‘ಬ್ಯಾಕ್ ಕಂಪ್ರೆಷನ್’ ಎನ್ನುವುದನ್ನು ಅಳೆಯುವ ಸರಳ ಪರೀಕ್ಷೆ ಇದು. ರಿಂಗು ದಾಟಿ ಕೆಳಗಿಳಿದ ಅನಿಲ ಎಂಜಿನ್ನಿನ ಹೊಟ್ಟೆ ಸೇರಿ ಈ ಬಾಯಿಯಿಂದ ಹೊರಗೆ ಬರುತ್ತದೆ. ಮುಚ್ಚಳ ಕುದಿಯುವ ಅನ್ನದ ಪಾತ್ರೆಯ ತಟ್ಟೆಯಂತೆ ಕುಣಿದು ಹೊಗೆ ಭುಸ್ಸೆಂದರೆ ಎಂಜಿನ್ ಬೋರಿಗೆ ಬಂದಿದೆ ಎಂದೇ ಅರ್ಥ.

ಆಮೇಲೆ ಅವನು ಮುಚ್ಚಳದ ಒಳಮೈಯನ್ನು ಬೆರಳಿನಿಂದ ಸವರಿ ಬಿಸಿಲಿಗೆ ಹಿಡಿದ. ಡೀಸೆಲ್ ಗಾಡಿಯ ಎಣ್ಣೆ ಕಪ್ಪಗಿರುವುದು ಸಹಜ. ಹಾಲು ಬೆರೆತ ಕಾಫಿಯ ಬಣ್ಣವಿದ್ದರೆ ನೀರು ಸೇರಿದೆ. ಡಾಂಬರಿನಂತೆ ಅಂಟುಗಟ್ಟಿದ್ದರೆ ಇನ್ನೂ ಎಚ್ಚರ ಬೇಕು. ಈ ಎಂಜಿನ್ ಕುಟುಂಬದ ಒಂದು ದೌರ್ಬಲ್ಯವನ್ನು ಹಲವು ದೇಶಗಳ ಮೇಸ್ತ್ರಿಗಳು ಬಲ್ಲರು. ಇಂಜೆಕ್ಟರಿನ ಬುಡದಲ್ಲಿ ತಾಮ್ರದ ಪುಟ್ಟ ವಾಷರ್ ಇದೆ. ಅದು ಸೋರತೊಡಗಿದರೆ ದಹನದ ಮಸಿ ಎಣ್ಣೆಗೆ ಸೇರಿ ಗಟ್ಟಿಯಾಗುತ್ತದೆ, ಕೆಳಗಿನ ಸಂಪಿನಲ್ಲಿ ಎಣ್ಣೆ ಹೀರುವ ಜಾಲರಿಗೆ ಕಟ್ಟಿಕೊಳ್ಳುತ್ತದೆ. ಜಾಲರಿ ಕಟ್ಟಿದರೆ ಎಣ್ಣೆ ಏರದು, ಎಣ್ಣೆ ಏರದಿದ್ದರೆ ಬೇರಿಂಗ್ ತೇಲದು. ಕಾಸಿನಗಲದ ವಾಷರ್ ಬದಲಿಸದೆ ಇಡೀ ಎಂಜಿನ್ ಕಳೆದುಕೊಳ್ಳುವುದು ಹೀಗೆ. ಹೀಗಾಗಿ ‘ಇಂಜೆಕ್ಟರ್ ಸೀಲ್ ಯಾವಾಗ ಹಾಕಿಸಿದಿರಿ, ಸಂಪು ಬಿಚ್ಚಿ ಜಾಲರಿ ನೋಡಿದ್ದೀರಾ?’ ಎಂದು ಕೇಳಲೇಬೇಕು.

ಇನ್ನೊಂದು ಕಡ್ಡಾಯ ಪ್ರಶ್ನೆ ಟೈಮಿಂಗ್ ಬೆಲ್ಟಿನದು. ಕವಾಟಗಳು ತೆರೆಯುವ ಗಳಿಗೆಯನ್ನೂ ಪಿಸ್ಟನ್ ಏರುವ ಗಳಿಗೆಯನ್ನೂ ಜೋಡಿಸುವುದು ಈ ಹಲ್ಲಿನ ರಬ್ಬರ್ ಪಟ್ಟಿ. ಒಂದೂವರೆ ಲಕ್ಷ ಕಿ.ಮೀ. ಆಸುಪಾಸಿನಲ್ಲಿ ಅದನ್ನು ಬದಲಿಸಬೇಕು. ಮುಟ್ಟಿದರೆ ಗಟ್ಟಿಯಾಗಿಯೇ ಇರುತ್ತದೆ, ಹರಿಯುವ ಮುನ್ನ ಸದ್ದೂ ಮಾಡುವುದಿಲ್ಲ. ಹರಿದರೆ ಏರಿದ ಪಿಸ್ಟನ್ ತೆರೆದ ಕವಾಟಕ್ಕೆ ಗುದ್ದುತ್ತದೆ. ಬದಲಿಸಿದ ಬಿಲ್ಲು ಕಣ್ಣಿಗೆ ಕಾಣದಿದ್ದರೆ ಬದಲಿಸಿಲ್ಲ ಎಂದೇ ತಿಳಿದು ಬೆಲೆ ಮಾತಾಡಬೇಕು.

ಎಂಜಿನ್ನಿಗೆ ಮದ್ದಿದೆ, ತುಕ್ಕು ತಿಂದ ಚಾಸಿಗೆ ಇಲ್ಲ. ಫಾರ್ಚೂನರ್, ಸ್ಕಾರ್ಪಿಯೊ, ಬೊಲೆರೊಗಳಂಥ ಗಾಡಿಗಳ ಬೆನ್ನೆಲುಬು ಏಣಿಯಾಕಾರದ ಉಕ್ಕಿನ ಚೌಕಟ್ಟು. ಅದರ ಟೊಳ್ಳಿನೊಳಗೆ ಕೆಸರು ಕೂತರೆ ತೇವ ಆರುವುದಿಲ್ಲ. ಕಬ್ಬಿಣ, ನೀರು, ಗಾಳಿ ಸೇರಿದರೆ ತುಕ್ಕು, ಉಪ್ಪೂ ಸೇರಿದರೆ ಅದರ ವೇಗ ಹಲವು ಪಟ್ಟು. ಹೀಗಾಗಿ ಬಯಲುಸೀಮೆಯಲ್ಲಿ ಮೂರು ಲಕ್ಷ ಓಡಿದ ಗಾಡಿಯ ಅಡಿಭಾಗ, ಕಡಲ ಗಾಳಿಗೆ ಮೈಯೊಡ್ಡಿ ಒಂದು ಲಕ್ಷ ಓಡಿದ ಗಾಡಿಯದ್ದಕ್ಕಿಂತ ಗಟ್ಟಿ ಇರಬಹುದು. ಮೇಸ್ತ್ರಿ ಗೋಣಿಚೀಲ ಹಾಸಿ ಕೆಳಗೆ ನುಸುಳಿ, ಸ್ಕ್ರೂಡ್ರೈವರಿನ ಹಿಡಿಯಿಂದ ಚೌಕಟ್ಟಿನುದ್ದಕ್ಕೂ ತಟ್ಟುತ್ತ ಹೋದ. ಟಣ್ ಟಣ್ ಎಂದರೆ ಆರೋಗ್ಯ, ಬೊದ್ ಎಂದರೆ ಒಳಗೊಳಗೇ ತಿಂದಿದೆ. ಹೊಸದಾಗಿ ಬಳಿದ ಕಪ್ಪು ಬಣ್ಣ ಕಂಡರೆ ಅಲ್ಲಿ ಎರಡು ಸಲ ತಟ್ಟಬೇಕು.

ಮೀಟರನ್ನು ತಿದ್ದಲು ಸಾಧ್ಯ. ಪೆಡಲ್ಲಿನ ರಬ್ಬರು, ಸ್ಟೀರಿಂಗಿನ ಹೊಳಪು, ಚಾಲಕನ ಸೀಟಿನ ಬಲ ಅಂಚಿನ ಸವೆತ ಇವನ್ನೆಲ್ಲ ಒಟ್ಟಿಗೆ ತಿದ್ದುವುದು ಕಷ್ಟ. ಮೀಟರು 60,000 ಎನ್ನುತ್ತಿದ್ದು, ಬ್ರೇಕ್ ಪೆಡಲ್ಲಿನ ಗೆರೆಗಳು ಪೂರ್ತಿ ಅಳಿಸಿಹೋಗಿದ್ದರೆ ಪೆಡಲ್ಲನ್ನೇ ನಂಬಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕೆಗಳಿರುತ್ತವೆ. 2319 ಎಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಎಷ್ಟೇ ಗೆರೆ ಉಳಿದಿದ್ದರೂ ವಯಸ್ಸಾದ ರಬ್ಬರು ಒಳಗೆ ಬಿರಿಯುತ್ತದೆ.

ಕಾಗದಪತ್ರದ ಮಾತು ಚಿಕ್ಕದು, ಮರೆತರೆ ದುಬಾರಿ. ಚಾಸಿಯ ಮೇಲೆ ಕೆತ್ತಿದ ನಂಬರನ್ನು ಆರ್‌ಸಿಯೊಂದಿಗೆ ಅಕ್ಷರ ಅಕ್ಷರ ಹೋಲಿಸಿ. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಪರೀಕ್ಷೆಗೆ ಒಡ್ಡಿ ಐದೈದು ವರ್ಷಕ್ಕೆ ನವೀಕರಿಸಬೇಕು. ಹೆಸರು ಬದಲಾವಣೆಗೆ ಫಾರಂ 29 ಮತ್ತು 30, ಸಾಲ ಇದ್ದಿದ್ದರೆ ಫಾರಂ 35 ಬೇಕು. ಹೊರರಾಜ್ಯದ ಗಾಡಿಯಾದರೆ ಎನ್‌ಒಸಿಯ ಜೊತೆ ಇಲ್ಲಿನ ಜೀವಾವಧಿ ತೆರಿಗೆಯನ್ನೂ ಬೆಲೆಗೆ ಕೂಡಿಸಿ ನೋಡಿ.

ಕೊನೆಗೆ ಮಾರುವವರು ಒಳಗಿನಿಂದ ಒಂದು ಹಳೆಯ ಫೈಲ್ ತಂದರು. ಹನ್ನೊಂದು ವರ್ಷದ ಬಿಲ್ಲುಗಳನ್ನು ತಾರೀಖಿನ ಕ್ರಮದಲ್ಲಿ ಜೋಡಿಸಿದ್ದರು. ಆಯಿಲ್, ಕೂಲೆಂಟ್, 1,48,000ಕ್ಕೆ ಟೈಮಿಂಗ್ ಬೆಲ್ಟ್, ಆಮೇಲೆ ಇಂಜೆಕ್ಟರ್ ಸೀಲ್. ಮೇಸ್ತ್ರಿ ಒಂದೊಂದೇ ಹಾಳೆ ಮಗುಚಿ ನೋಡಿದ, ಎಂಜಿನ್ ನೋಡಿದ್ದಕ್ಕಿಂತ ಹೆಚ್ಚು ಹೊತ್ತು. ನಾವು ಗಾಡಿ ತೆಗೆದುಕೊಂಡೆವು. ಮನೆಗೆ ಬಂದ ದಿನವೇ ಎಣ್ಣೆ, ಫಿಲ್ಟರುಗಳು, ಕೂಲೆಂಟ್ ಹೊಸದಾದವು. ಆ ಬಿಲ್ಲನ್ನು ಅದೇ ಫೈಲಿಗೆ, ಅವರ ಕೊನೆಯ ಬಿಲ್ಲಿನ ಹಿಂದೆ ಸೇರಿಸಿದೆ. ಓಡಿದ ದೂರ ಅವರದು. ಉಳಿದ ಆಯಸ್ಸಿಗೆ ಇನ್ನು ನಾನು ಹೊಣೆ.